ಬೆಳಗಿದ ಹಡಗು

ನನ್ನ ಅಕ್ಕನ ಗಂಡನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದನ್ನು ಬಳಸುವವರು ಬ್ಯಾಂಕಿನವರು ಮಾತ್ರ. ಬೀದಿಗೆ ಅವರು ಕಟ್ಟಿನಂಗಡಿಯವರು. ನಾಣ್ಯ ಕೂಡಿಡುವವರ ಕೂಟದಲ್ಲಿ ಭೂತಗನ್ನಡಿ. ನನಗೆ ಭಾವ. ಚಿತ್ರಗಳಿಗೂ ಫೋಟೋಗಳಿಗೂ ಕಟ್ಟು ಹಾಕುವುದು ಅವರ ಕಸುಬು. ಮನೆಯ ಮುಂಭಾಗವೇ ಅಂಗಡಿ: ಒಂದು ಗೋಡೆಗೆ ಉದ್ದದ ಕ್ರಮದಲ್ಲಿ ಒರಗಿಸಿದ ಮರದ ಪಟ್ಟಿಗಳು, ಎದುರು ಗೋಡೆಗೆ ನಡುನಡುವೆ ಕಾಗದ ಇಟ್ಟು ನಿಲ್ಲಿಸಿದ ಗಾಜಿನ ಹಾಳೆಗಳು, ಮಧ್ಯದಲ್ಲಿ ಅಗಲವಾದ ಮೇಜು, ಮೇಜಿನ ಮೇಲೆ ಕತ್ತು ಬಾಗಿಸಬಹುದಾದ ದೀಪ. ಅಂಗಡಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಪರದೆ ಮಾತ್ರ. ಆದ್ದರಿಂದ ಗಿರಾಕಿಗಳ ಮಾತಿಗೆ ಒಳಗಿನಿಂದ ಅಕ್ಕ ಉತ್ತರ ಕೊಡುವುದೂ ಅಕ್ಕನ ಪ್ರಶ್ನೆಗೆ ಗಿರಾಕಿಗಳು ಉತ್ತರ ಕೊಡುವುದೂ ಆ ಮನೆಯಲ್ಲಿ ಸಾಮಾನ್ಯ.

ಭಾವ ಆತುರದವರಲ್ಲ. ಫೋಟೋ ನಾಳೆಯೇ ಬೇಕೆಂದು ಪಟ್ಟು ಹಿಡಿದವರಿಗೆ, “ನಾಳೆ ಬೇಕಾದ್ರೆ ನಾಳೆ ಬನ್ನಿ, ಕೂತು ಮಾತಾಡೋಣ. ಫೋಟೋ ಮಾತ್ರ ಇನ್ನೊಂದಿನ ಬರುತ್ತೆ” ಎನ್ನುತ್ತಾರೆ. ಹಾಗೆ ಅಂದರೂ ಗಿರಾಕಿಗಳು ಬೇರೆ ಅಂಗಡಿಗೆ ಹೋಗಿದ್ದನ್ನು ನಾನು ಕಂಡಿಲ್ಲ. ಅವರು ಹಾಕಿದ ಕಟ್ಟಿನ ನಾಲ್ಕು ಮೂಲೆಗಳಲ್ಲಿ ಕೂದಲು ತೂರುವಷ್ಟು ಸಂದೂ ಇರುವುದಿಲ್ಲ.

ಅವರಿಗಿರುವ ಚಪಲ ಒಂದೇ, ಹಳೆಯ ಬೆಳ್ಳಿ ನಾಣ್ಯ. ಅದರಲ್ಲಿಯೂ ದರ್ಜೆ ಪಡೆದ ನಾಣ್ಯ. ಇಂಥವನ್ನು ಪರೀಕ್ಷಿಸುವ ಸಂಸ್ಥೆಗಳಿವೆ. ಅವು ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ನಾಣ್ಯವನ್ನು ಪಾರದರ್ಶಕವಾದ ಗಟ್ಟಿ ಡಬ್ಬಿಯೊಂದರಲ್ಲಿಟ್ಟು, ಅಂಕ ಬರೆದ ಚೀಟಿಯ ಸಮೇತ ಅಂಚುಗಳನ್ನು ಬೆಸೆದುಬಿಡುತ್ತವೆ. ಅಲ್ಲಿಗೆ ಮನುಷ್ಯನ ಬೆರಳಿಗೂ ಆ ನಾಣ್ಯಕ್ಕೂ ಸಂಬಂಧ ಮುಗಿಯಿತು. ದೊಡ್ಡ ಅಂಗಡಿಗಳಲ್ಲಿ ಕೊಳ್ಳುವ ಶಕ್ತಿ ಭಾವನಿಗಿರಲಿಲ್ಲ. ಅವರು ಕೊಳ್ಳುತ್ತಿದ್ದುದು ಕೈ ಬದಲಾಗಿ ಬಂದವನ್ನು. ಹಳೆ ಸಾಮಾನಿನ ಬೀದಿಯಲ್ಲಿ, ಬಿಸಿಲಿರಲಿ ಮೋಡವಿರಲಿ ತಲೆಯಿಂದ ಟೋಪಿ ತೆಗೆಯದ ಒಬ್ಬ ವ್ಯಾಪಾರಿಯ ಹತ್ತಿರ.

“ಟೋಪಿಯವನ ಹತ್ರ ಕೊಂಡ್ರೆ ಟೋಪಿ ಹಾಕ್ದೆ ಬಿಡ್ತಾನೇನ್ರೀ?” ಎಂದು ಅಕ್ಕ ಕೇಳುವಳು.

“ಅವನು ಹಾಕ್ಕೊಂಡಿದ್ದಾನೆ ಕಣೇ. ಹಾಕೋ ಪೈಕಿ ಅಲ್ಲ” ಎಂದು ಭಾವ ಹೇಳುವರು.

ಕೈ ಬದಲಾದ ನಾಣ್ಯಕ್ಕೆ ಬೆಲೆ ಕಟ್ಟುವುದರಲ್ಲಿ ಅವರದೊಂದು ಶಿಸ್ತು. ಡಬ್ಬಿ ಕೈಗೆ ಬಂದೊಡನೆ ಹೆಬ್ಬೆರಳಿನಿಂದ ಚೀಟಿಯನ್ನು ಮುಚ್ಚುವರು. ನಾಣ್ಯವನ್ನು ನೋಡಿ ಮನಸ್ಸಿನಲ್ಲಿಯೇ ಒಂದು ಅಂಕ ಕೊಟ್ಟು, ಆಮೇಲೆ ಬೆರಳು ಸರಿಸಿ ಚೀಟಿಯನ್ನು ಓದುವರು. ಎರಡೂ ಹೊಂದಿದರೆ ಮುಂದಿನ ಮಾತು. ಬೆಳ್ಳಿಯ ತೂಕಕ್ಕೆ ಸಲ್ಲುವ ಬೆಲೆ ನೆಲವಿದ್ದಂತೆ. ಅದಕ್ಕಿಂತ ಕೆಳಗೆ ಯಾವ ನಾಣ್ಯವೂ ಇಳಿಯದು. ಅದರ ಮೇಲೆ ಎಷ್ಟು ಅಂತಸ್ತು ಎಬ್ಬಿಸಬಹುದು ಎಂಬುದರಲ್ಲಿದೆ ವಿದ್ಯೆ. ಅಂಥ ನಾಣ್ಯಗಳು ಎಷ್ಟು ಉಳಿದಿವೆ, ಬೇಕೆನ್ನುವವರು ಎಷ್ಟು ಮಂದಿ, ಹಿಂದಿನ ಸಲ ಯಾರ ಕೈಯಿಂದ ಯಾರ ಕೈಗೆ ಏನು ಬೆಲೆಗೆ ಹೋಯಿತು, ಡಬ್ಬಿಯ ಬೆಸುಗೆ ಮೊದಲಿನದೇ ಹೌದೇ, ಎಲ್ಲವನ್ನೂ ಕೂಡಿಸಿ ಕಳೆಯಬೇಕು.

“ಒಂದೇ ಅಂಕ ಇದ್ರೆ ಒಂದೇ ಬೆಲೆ ತಾನೇ ಭಾವ?” ಎಂದು ನಾನು ಒಮ್ಮೆ ಕೇಳಿದ್ದೆ.

“ನೀನೂ ನಿಮ್ಮಕ್ಕನೂ ಒಂದೇ ಮನೇಲಿ ಹುಟ್ಟಿ ಬೆಳೆದವ್ರು ತಾನೇ ಹೆಡ್‌ಮೇಷ್ಟ್ರೇ?” ಎಂದರು. ನಾನು ಸಂಜೆಶಾಲೆಯಲ್ಲಿ ಓದು ಮುಗಿಸಿದ ವರ್ಷದಿಂದ ಅವರು ನನ್ನನ್ನು ಕರೆಯುವುದು ಹಾಗೆ.

ಪರದೆಯ ಹಿಂದಿನಿಂದ ಅಕ್ಕನ ದನಿ ಬಂತು: “ಅದರಲ್ಲಿ ಯಾರಿಗೆ ಜಾಸ್ತಿ ಬೆಲೆ ಅನ್ನೋದನ್ನೂ ಹೇಳಿಬಿಡಿ. ರಾತ್ರಿ ಊಟ ಬಡಿಸೋದು ಯಾರು ಅನ್ನೋದನ್ನ ನೆನಪಿಟ್ಟುಕೊಂಡು ಹೇಳಿ.”

ಭಾವ ದನಿ ತಗ್ಗಿಸಿದರು. “ನೋಡಿದ್ಯಾ? ಬೇರೆ ಅಂಗಡಿ ಇಲ್ಲದ ಕಡೆ ಬೆಲೆ ಹೀಗೆ ಏರುತ್ತೆ.”

ಅಂಕಕ್ಕಿಂತಲೂ ಅವರು ನಂಬುತ್ತಿದ್ದುದು ಬೆಳಕನ್ನು. ಟಂಕಸಾಲೆಯ ಅಚ್ಚಿನಿಂದ ಹೊರಬಿದ್ದ ನಾಣ್ಯದ ಮೈಮೇಲೆ ಬರಿಗಣ್ಣಿಗೆ ಬೀಳದಷ್ಟು ನವಿರಾದ ಗೆರೆಗಳು ನಡುವಿನಿಂದ ಅಂಚಿಗೆ ಹರಡಿರುತ್ತವೆ. ಯಾರ ಕೈಯೂ ಕೆಡಿಸದ ನಾಣ್ಯವನ್ನು ದೀಪದ ಕೆಳಗೆ ಅತ್ತಿತ್ತ ಓಲಿಸಿದರೆ, ಸೈಕಲ್ ಗಾಲಿಯ ಕಡ್ಡಿಗಳಂತೆ ಬೆಳಕಿನ ಪಟ್ಟಿಗಳು ಸುತ್ತು ಬರುತ್ತವೆ. ಉಜ್ಜಿದ ನಾಣ್ಯ ಎಷ್ಟೇ ಮಿರುಗಲಿ, ಅದರ ಬೆಳಕು ನಿಂತಲ್ಲೇ ನಿಂತಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ನಾಣ್ಯಗಳಿಗೆ ಹೇಳಿ ಮಾಡಿಸಿದಂತಿದೆ.

ಭಾನುವಾರಗಳಂದು, ಹಳೆಯ ವಾಚನಾಲಯವೊಂದರ ಮೇಲಂತಸ್ತಿನಲ್ಲಿ ಕೂಟ ಸೇರುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿ ಭಾವನದು. ಕೊಳ್ಳುವ ಮೊದಲು ಜನ ಡಬ್ಬಿಗಳನ್ನು ತಂದು ಅವರ ಮುಂದಿಡುವರು. ಅವರು ಹೂಂ ಎಂದರೆ ಕೊಳ್ಳುವರು, ಉಹೂಂ ಎಂದರೆ ಬಿಡುವರು. ಮೇಜಿನ ಮೇಲೆ ಅವರೇ ಬರೆದು ನಿಲ್ಲಿಸಿದ ರಟ್ಟಿನ ಫಲಕವೊಂದಿತ್ತು: ‘ನಾಣ್ಯವನ್ನು ಉಜ್ಜಬಾರದು.’ ಅದೇ ಬಗೆಯ ಇನ್ನೊಂದು ಫಲಕ ಅಂಗಡಿಯ ಗೋಡೆಯ ಮೇಲೂ ಇತ್ತು.

ಇನ್ನು ಅಕ್ಕ. ಕಟ್ಟಿನೊಳಗೆ ಸೇರುವ ಮೊದಲು ಗಾಜಿನ ಒಳಬದಿಯನ್ನು ಬೆರಳಿನ ಗುರುತೂ ಉಳಿಯದಂತೆ ಒರೆಸುವುದು ಅವಳ ಕೆಲಸ. ಬೇರೆ ಯಾರಿಗೂ ಅವಳು ಅದನ್ನು ಬಿಟ್ಟುಕೊಟ್ಟವಳಲ್ಲ. ಅವಳ ಅಡುಗೆಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅವಳ ನಿಘಂಟಿನಲ್ಲಿ ತೊಳೆಯುವುದು, ಉಜ್ಜುವುದು, ತಿಕ್ಕುವುದು, ಬೆಳಗುವುದು ಎಂಬ ನಾಲ್ಕೂ ಬೇರೆ ಬೇರೆ. ತೊಳೆಯುವುದಕ್ಕೆ ನೀರು ಸಾಕು. ಉಜ್ಜುವುದು ತಳ ಹಿಡಿದ ಪಾತ್ರೆಗೆ. ತಿಕ್ಕುವುದು ನೆಲಕ್ಕೆ, ಅಗತ್ಯ ಬಿದ್ದರೆ ಮಕ್ಕಳ ಮೊಣಕೈಗೆ. ಬೆಳಗುವುದೆಂದರೆ ಬೆಳ್ಳಿಗೂ ಹಿತ್ತಾಳೆಗೂ ಮಾತ್ರ ಸಲ್ಲುವ ಗೌರವ. ಅದರಲ್ಲಿ ಒರಟುತನಕ್ಕೆ ಎಡೆಯಿಲ್ಲ. ಯಾರಾದರೂ ಈ ಮಾತುಗಳನ್ನು ಅದಲುಬದಲು ಮಾಡಿದರೆ ಅವಳು ತಿದ್ದದೆ ಬಿಡುವವಳಲ್ಲ. ಭಾಷೆಯ ವಿಷಯದಲ್ಲಿ ನಮ್ಮ ಮನೆತನವೇ ಹಾಗೆ.

ಭಾವನ ಸಂಗ್ರಹ ಮೇಜಿನ ಒಂದು ಖಾನೆಯಲ್ಲಿ ಅಡಗುವಷ್ಟು. ಅದರ ಕಳಶವೆಂದರೆ ಹಡಗಿನ ನಾಣ್ಯ. ಹಾಯಿ ಬಿಚ್ಚಿ ನಿಂತ ಹಡಗು. ಹಾಯಿಯ ಉಬ್ಬಿನ ಮೇಲೂ ಸವೆತವಿರಲಿಲ್ಲ. ಅಂಚಿನ ಸುತ್ತ, ಕಾಲ ತಾನಾಗಿಯೇ ಬಳಿದ ಬಣ್ಣ, ಪಾರಿವಾಳದ ಕೊರಳಿನ ನೀಲಿಹಸಿರು. ಚೀಟಿಯ ಮೇಲೆ ಅರವತ್ತೈದು. ಅದೇ ಟಂಕಸಾಲೆ ಅದೇ ಕಾಲದಲ್ಲಿ ಅಚ್ಚು ಹಾಕಿದ ಇನ್ನೊಂದು ನಾಣ್ಯದಲ್ಲಿ ಹಡಗಿನ ಬದಲು ಕೋಟೆಯಿದೆ. ಭಾವನ ಮನಸ್ಸು ಇದ್ದದ್ದು ಆ ಕೋಟೆಯ ಮೇಲೆ. ಕಸುಬು ಕಲಿಯುತ್ತಿದ್ದ ಕಾಲದಲ್ಲಿ ಗುರುವಿನ ಅಂಗಡಿಗೆ ಯಾರೋ ಒಂದು ಕೋಟೆ ನಾಣ್ಯವನ್ನು ಕಟ್ಟು ಹಾಕಿಸಲು ತಂದಿದ್ದರಂತೆ. ಅದನ್ನು ಗಾಜಿನ ಹಿಂದೆ ಕೂರಿಸಿದ್ದು ಭಾವನ ಮೊದಲ ಸ್ವತಂತ್ರ ಕೆಲಸ. ನಾಣ್ಯದ ಹುಚ್ಚು ಹಿಡಿದದ್ದು ಆಗಲೇ. ಅಂದಿನಿಂದ ಇಂದಿನವರೆಗೆ ಅಷ್ಟು ಚೊಕ್ಕವಾದ ಕೋಟೆಯನ್ನು ಅವರು ಕಂಡದ್ದು ಒಬ್ಬರ ಬಳಿ ಮಾತ್ರ, ಕೂಟದ ಸದಸ್ಯರಾದ ಹಲ್ಲಿನ ಡಾಕ್ಟರ ಬಳಿ.

ಡಾಕ್ಟರಿಗಾದರೋ ಹಡಗು ಬೇಕು. ಅವರ ತಾತ ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಲವು ವರ್ಷ ಹಗ್ಗಜಗ್ಗಾಟ ನಡೆದು, ಕೊನೆಗೆ ಡಾಕ್ಟರೇ ಬಗ್ಗಿದರು: “ಆಯ್ತು ಯಜಮಾನ್ರೇ. ಹಡಗು ಕೊಡಿ, ಕೋಟೆ ತಗೊಳ್ಳಿ. ಮೇಲೆ ಕೆಳಗೆ ಏನೂ ಬೇಡ.”

ಅಷ್ಟು ವರ್ಷ ಕಾದ ಮಾತು ಬಾಯಿಗೆ ಬಂದಾಗ ಭಾವನ ಕಣ್ಣು ಕೈಕೊಟ್ಟಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರಿಗೆ ಅದರ ಅರಿವಿರಲಿಲ್ಲ. ದೀಪ ಸರಿಯಿಲ್ಲವೆಂದು ದೀಪ ಬದಲಾಯಿಸಿದರು. ಗಾಜು ಸರಿಯಿಲ್ಲವೆಂದು ಭೂತಗನ್ನಡಿ ಬದಲಾಯಿಸಿದರು. ಕೂಟದಲ್ಲಿ ಎರಡು ಸಲ ಒಳ್ಳೆಯ ನಾಣ್ಯಕ್ಕೆ ಉಹೂಂ ಎಂದು, ಬೇರೆಯವರು ಅದನ್ನು ಕೊಂಡು ಲಾಭ ಮಾಡಿಕೊಂಡ ಮೇಲೆ, “ಭೂತಗನ್ನಡಿಗೆ ಮಂಜು ಹಿಡಿದಿದೆ” ಎಂದು ಬೆನ್ನ ಹಿಂದೆ ನಗೆ ಶುರುವಾಯಿತು. ಅದು ಕಿವಿಗೆ ಬಿದ್ದ ದಿನ ಭಾವ ತಾವಾಗಿ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಬಂದರು. ಮನೆಯಲ್ಲಿ ಖಾನೆ ತೆರೆದು ಹಡಗನ್ನು ನೋಡುವರು, ನಿಟ್ಟುಸಿರು ಬಿಡುವರು.

“ಮಂಕಾಗಿಬಿಟ್ಟಿದೆ ಕಣೇ.”

“ಏನು?”

“ಹಡಗು. ಮೊದಲಿನ ಕಳೆನೇ ಇಲ್ಲ.”

ತಿಂಗಳುಗಟ್ಟಲೆ ಇದೇ ರಾಗ ಕೇಳಿದ ಅಕ್ಕ ಕೊನೆಗೆ ನನ್ನೊಡನೆ ಸೇರಿ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಪೊರೆ ತೆಗೆಯಬೇಕೆಂದು ತಿಳಿದದ್ದು ಆಗ. ಒಂದು ಕಣ್ಣು ಮುಗಿದೊಡನೆ ಇನ್ನೊಂದು, ಎರಡರ ಪಟ್ಟಿಯನ್ನೂ ಒಟ್ಟಿಗೆ ಬಿಚ್ಚುವುದು ಎಂದು ನಿಶ್ಚಯವಾಯಿತು. ಭಾವ ಹಲ್ಲಿನ ಡಾಕ್ಟರಿಗೆ ಹೇಳಿ ಕಳಿಸಿದರು: “ಕಣ್ಣು ಬಿಡಿಸಿಕೊಂಡು ಬರ್ತೀನಿ. ಕೋಟೆನ ಕಣ್ತುಂಬ ನೋಡಿ ತಗೋತೀನಿ. ಅಲ್ಲೀತನಕ ಯಾರಿಗೂ ಕೊಡಬೇಡಿ.”

ಇನ್ನು ಮುಂದಿನದನ್ನು ಅಕ್ಕ ನನಗೆ ತಿಳಿಸಿದ್ದು ಆಮೇಲೆ. ಆದರೂ ನಡೆದ ಕ್ರಮದಲ್ಲಿ ಇಲ್ಲಿಯೇ ಹೇಳುವುದು ಸರಿ. ಎರಡನೆಯ ಕಣ್ಣಿಗೂ ಪಟ್ಟಿ ಬಿದ್ದು ಭಾವ ಮಹಡಿಯ ಕೋಣೆಯಲ್ಲಿ ಮಲಗಿದ್ದಾಗ ಅಕ್ಕನಿಗೆ ಒಂದು ಯೋಚನೆ ಬಂತು. ಕಣ್ಣು ಬಿಟ್ಟೊಡನೆ ಇವರು ಮೊದಲು ಕೇಳುವುದು ಹಡಗನ್ನು; ಅದೋ ಮಂಕಾಗಿ ಕೂತಿದೆ. ಕಣ್ಣನ್ನು ಡಾಕ್ಟರು ಸರಿ ಮಾಡಿದರು, ಹಡಗನ್ನು ಯಾರು ಸರಿ ಮಾಡಬೇಕು? ಮಂಕಾದದ್ದು ಕಣ್ಣು ಮಾತ್ರ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಅಂಚಿನಲ್ಲಿ ನೀಲಿಹಸಿರು ಕಲೆಯಿದ್ದುದನ್ನು ಅವಳೇ ತನ್ನ ಕಣ್ಣಾರೆ ಕಂಡಿದ್ದಳು. ಭಾವನಿಗೆ ಪಾರಿವಾಳದ ಕೊರಳಾಗಿ ಕಂಡದ್ದು ಅವಳಿಗೆ ಕಿಲುಬಾಗಿ ಕಂಡಿತ್ತು.

ಅಂಗಡಿಯ ಅತಿ ತೆಳ್ಳನೆಯ ಅಲಗನ್ನು ಬೆಸುಗೆಯ ಸಂದಿಗೆ ತೂರಿಸಿ, ಡಬ್ಬಿಯನ್ನು ಎಲ್ಲೂ ಸೀಳದಂತೆ ಎರಡು ಹೋಳು ಮಾಡಿದಳು. ಜರಡಿ ಹಿಡಿದ ಹಲ್ಲುಪುಡಿ, ಮೆತ್ತನೆಯ ಹಳೆಯ ಬಟ್ಟೆ, ಮೂರು ಬೆರಳು. ಹಡಗು ಬೆಳಗಿತು. ಮತ್ತೆ ಅದನ್ನು ಒಳಗಿಟ್ಟು, ಚೀಟಿಯನ್ನು ಮೊದಲಿನ ಜಾಗದಲ್ಲಿ ಕೂರಿಸಿ, ಗಾಜಿಗೆ ಹಾಕುವ ತಿಳಿಗೋಂದಿನಿಂದ ಅಂಚುಗಳನ್ನು ಅಂಟಿಸಿದಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಆದರೆ ಅಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಪಟ್ಟಿ ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ಭಾವ ಸುತ್ತಲೂ ನೋಡಿದರು.

“ನಮ್ಮ ಗೋಡೆ ಬಿಳಿನಾ? ನಾನು ಇಷ್ಟು ದಿನ ಹಳದಿ ಅಂದ್ಕೊಂಡಿದ್ದೆ.” ಆಮೇಲೆ ಹೆಂಡತಿಯ ಮುಖ ನೋಡಿ, “ಇವಳೇ, ನಿನಗೆ ಇಷ್ಟು ನೆರೆತದ್ದು ಯಾವಾಗ?” ಎಂದರು.

“ನೀವು ನಾಣ್ಯ ನೋಡ್ತಾ ಕೂತಿದ್ದಾಗ” ಎಂದಳು ಅಕ್ಕ. ಮಡಿಸಿದ ಬಟ್ಟೆಯ ಮೇಲೆ ಹಡಗನ್ನಿಟ್ಟು ತಂದು ಮುಂದೆ ಹಿಡಿದಳು.

ಕಿಟಕಿಯ ಬಿಸಿಲಿಗೆ ನಾಣ್ಯ ಫಳ್ ಎಂದಿತು. ಭಾವ ಉಸಿರೆಳೆದುಕೊಂಡರು. “ಅಬ್ಬಾ! ಕಣ್ಣು ಅಂದ್ರೆ ಇದು!” ಆಮೇಲೆ ಹುಬ್ಬು ಗಂಟಿಕ್ಕಿ, “ಅಂಚಿನ ಬಣ್ಣ ಕಾಣ್ತಾ ಇಲ್ವಲ್ಲ?” ಎಂದರು. ತಾವೇ ಉತ್ತರವನ್ನೂ ಕೊಟ್ಟುಕೊಂಡರು. ಗೋಡೆಯ ಹಳದಿ ಪೊರೆಯದ್ದಾದರೆ ಅಂಚಿನ ನೀಲಿಯೂ ಪೊರೆಯದ್ದೇ ಇರಬೇಕು. ಎಷ್ಟು ವರ್ಷದಿಂದ ಬೆಳೆಯುತ್ತಿತ್ತೋ ಏನೋ. ಕೆಲವು ವಾರ ಭೂತಗನ್ನಡಿಯನ್ನೂ ಕಣ್ಣು ಕುಕ್ಕುವ ದೀಪವನ್ನೂ ಮುಟ್ಟಕೂಡದೆಂದು ಕಣ್ಣಿನ ಡಾಕ್ಟರ ಕಟ್ಟಪ್ಪಣೆಯಿತ್ತು. ಹಾಗಾಗಿ ಹಡಗು ಮತ್ತೆ ಖಾನೆ ಸೇರಿತು. ಅಕ್ಕ ಹೇಳಬಹುದಿತ್ತು. ಅವರ ಆನಂದವನ್ನು ಕಂಡು, ಹೊಗಳಿಕೆ ಕಣ್ಣಿಗೇ ಹೋಗಲಿ ಎಂದು ಸುಮ್ಮನಾದಳಂತೆ.

ಅಪ್ಪಣೆಯ ಅವಧಿ ತೀರಿದ ಮೊದಲ ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ಅವರು ನಗುಮುಖದವರು, ಎದುರಿನವರೂ ನಗಲಿ ಎಂದು ಕಾಯುತ್ತಾರೆ, ನಕ್ಕೊಡನೆ ಹಲ್ಲು ನೋಡುತ್ತಾರೆ.

“ಏನ್ ಯಜಮಾನ್ರೇ, ಹೊಸ ಕಣ್ಣು ಹೇಗಿದೆ?”

“ಹೊಸದೆಲ್ಲಿ ಡಾಕ್ಟ್ರೇ? ಹಳೇ ಕಟ್ಟಿಗೆ ಗಾಜು ಬದಲಾಯಿಸಿದ್ದಾರೆ. ನಮ್ಮ ಅಂಗಡಿ ಕೆಲಸಾನೇ.”

ಡಾಕ್ಟರು ಜೇಬಿನಿಂದ ಕೋಟೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಭಾವ ಖಾನೆಯಿಂದ ಹಡಗನ್ನು ತೆಗೆದರು. ಕೊಡುವ ಮುನ್ನ ಕೊನೆಯ ಸಲ ನೋಡಬೇಕೆಂದು ದೀಪ ಹಚ್ಚಿ, ಹೆಬ್ಬೆರಳಿನಿಂದ ಚೀಟಿ ಮುಚ್ಚಿ, ಡಬ್ಬಿಯನ್ನು ಓಲಿಸಿದರು.

ಬೆಳಕು ತಿರುಗಲಿಲ್ಲ.

ಮತ್ತೆ ಓಲಿಸಿದರು. ದೀಪದ ಕತ್ತನ್ನು ಬಾಗಿಸಿ ಇನ್ನೊಂದು ಕಡೆಯಿಂದ ನೋಡಿದರು. ಕಣ್ಣು ಮುಚ್ಚಿ ತೆರೆದರು. ಅವರ ಮುಖದ ಮೇಲೆ ನಾನು ಅಂದು ಕಂಡದ್ದು ಭಯ. ಕಣ್ಣು ಕೆಟ್ಟೇ ಹೋಯಿತೇ? ಇನ್ನೆಂದಿಗೂ ಬೆಳಕು ತಿರುಗುವುದು ಕಾಣುವುದಿಲ್ಲವೇ?

“ನಿಮ್ಮದು ಸ್ವಲ್ಪ ಕೊಡಿ ಡಾಕ್ಟ್ರೇ” ಎಂದರು.

ಅದೇ ದೀಪದ ಕೆಳಗೆ ಕೋಟೆಯನ್ನು ಓಲಿಸಿದರು. ಕೋಟೆಯ ಸುತ್ತ ಬೆಳಕು ಗಾಲಿಯಂತೆ ಸುತ್ತಿತು. ಪಕ್ಕದಲ್ಲಿ ಕೂತಿದ್ದ ನನಗೂ ಕಂಡಿತು. ಭಾವನ ಮುಖ ಅರಳಿತು, ಅರಳಿದ್ದು ಅರೆಗಳಿಗೆಯಲ್ಲಿ ಬಾಡಿತು. ಒಂದೇ ದೀಪ ಎರಡು ಸುದ್ದಿ ತಂದಿತ್ತು: ಕಣ್ಣು ನೆಟ್ಟಗಿದೆ, ಹಡಗು ಕೆಟ್ಟಿದೆ.

ಅವರು ಭೂತಗನ್ನಡಿ ಹಿಡಿದು ಹಡಗಿನ ಮೇಲೆ ಬಾಗಿದರು. ಹಾಯಿಯ ಮೇಲೆ ಒಂದೇ ದಿಕ್ಕಿಗೆ ಹರಿದ ಸಣ್ಣ ಗೀರುಗಳು. ಡಬ್ಬಿಯ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗೋಂದಿನ ಹನಿ. ಅದು ಅವರದೇ ಅಂಗಡಿಯ ಗೋಂದು. ಅಷ್ಟು ಸಮನಾಗಿ ಗೋಂದು ಎಳೆಯಬಲ್ಲ ಕೈ ಆ ಬೀದಿಯಲ್ಲಿ ಎರಡೇ ಜೊತೆ. ಒಂದು ಜೊತೆ ಭಾವನದೇ; ಅವರ ಕಣ್ಣಿಗೆ ಆ ದಿನಗಳಲ್ಲಿ ಪಟ್ಟಿ ಕಟ್ಟಿತ್ತು. ಭಾವ ಪರದೆಯ ಕಡೆ ತಿರುಗಲಿಲ್ಲ. ಪರದೆಯ ಬಳಿ ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಏನಾದ್ರೂ ತೊಂದರೆನಾ?” ಎಂದರು ಡಾಕ್ಟರು. “ಅರವತ್ತೈದು ಅಂತ ಬರೆದೇ ಇದೆಯಲ್ಲ. ನನಗೆ ಅಷ್ಟು ಸಾಕಪ್ಪ.” ಅವರು ಕೋಟೆಯನ್ನು ಭಾವನ ಕಡೆಗೆ ತಳ್ಳಿಯೂ ಆಗಿತ್ತು.

ಸುಮ್ಮನಿದ್ದರೆ ಕೋಟೆ ಬರುತ್ತಿತ್ತು. ಡಾಕ್ಟರು ತಾತನ ನೆನಪಿಗೆಂದು ಹಡಗನ್ನು ಗೋಡೆಗೆ ತೂಗುಹಾಕುವವರು. ಮಾರುವವರಲ್ಲ, ದೀಪದ ಕೆಳಗೆ ಓಲಿಸುವವರೂ ಅಲ್ಲ. ಬಾಯಿಬಿಟ್ಟರೆ ಕೋಟೆ ಹೋಗುವುದು ಮಾತ್ರವಲ್ಲ, ಹೊರಗಿನವರ ಮುಂದೆ ಹೆಂಡತಿಯ ಕೈ ಬಯಲಾಗುವುದು. ಭಾವ ಕೋಟೆಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿದರು.

“ಬೇಡ ಡಾಕ್ಟ್ರೇ. ಚೀಟಿ ಹೇಳೋ ನಾಣ್ಯ ಇದಲ್ಲ.”

“ಅಂದ್ರೆ? ನಕಲಿನಾ?”

“ನಾಣ್ಯ ಅದೇ. ಅಂಕ ಅದಲ್ಲ. ಯಾರೋ ಡಬ್ಬಿ ಬಿಚ್ಚಿ ಉಜ್ಜಿದ್ದಾರೆ. ನಾನು ಟೋಪಿಯವನ ಹತ್ರ ತಗೊಂಡಿದ್ದು ಯಾವ ಕಾಲದಲ್ಲೋ. ಯಾರು ಅಂತ ಹೇಳೋದು?”

ತಟ್ಟೆಯ ಮೇಲಿನ ಲೋಟಗಳು ಸದ್ದು ಮಾಡಿದವು. “ಯಾರೋ ಅಲ್ಲ, ನಾನು” ಎಂದು ಅಕ್ಕ ಮುಂದೆ ಬಂದಳು. “ಟೋಪಿಯವನ ತಲೆ ಮೇಲೆ ಯಾಕೆ ಹಾಕ್ತೀರಿ? ಮತ್ತೆ, ನಾನು ಉಜ್ಜಿಲ್ಲ. ಬೆಳಗಿದ್ದೀನಿ.”

“ಎರಡಕ್ಕೂ ಏನಮ್ಮಾ ವ್ಯತ್ಯಾಸ?” ಎಂದರು ಡಾಕ್ಟರು, ನಿಜವಾಗಿಯೂ ತಿಳಿಯದೆ.

“ನೀವು ಹೀಗೆ ಕೇಳಬಹುದಾ ಡಾಕ್ಟ್ರೇ? ಹಲ್ಲು ಉಜ್ಜೋದೂ ಹಲ್ಲು ಕೀಳೋದೂ ಒಂದೇನಾ?” ತಟ್ಟೆಯನ್ನು ಮೇಜಿನ ಮೇಲಿಟ್ಟು ಗೋಡೆಯ ಫಲಕವನ್ನು ತೋರಿಸಿದಳು. “ನೋಡಿ, ಇವರೇ ಬರೆದಿದ್ದಾರೆ. ಉಜ್ಜಬಾರದು ಅಂತ. ಬೆಳಗಬಾರದು ಅಂತ ಎಲ್ಲಿದೆ? ಬೆಳ್ಳಿನ ಉಜ್ಜೋ ಹೆಂಗಸಾ ನಾನು? ಮಂಕಾಗಿದೆ ಮಂಕಾಗಿದೆ ಅಂತ ತಿಂಗಳಾನುಗಟ್ಟಲೆ ಕೊರಗಿದ್ರು.”

“ಮಂಕಾಗಿದ್ದು ನನ್ನ ಕಣ್ಣು ಕಣೇ.”

“ಅದನ್ನ ಸರಿಯಾಗಿ ಬಿಡಿಸಿ ಹೇಳಬೇಕಿತ್ತು.” ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು.

ಡಾಕ್ಟರು ಮೆಲ್ಲಗೆ ಕೇಳಿದರು: “ಯಾವುದರಲ್ಲಿ ಬೆಳಗಿದ್ರಮ್ಮಾ?”

“ಹಲ್ಲುಪುಡೀಲಿ.”

ಡಾಕ್ಟರು ಮೇಜು ಹಿಡಿದುಕೊಂಡು ನಕ್ಕರು. “ಭಾನುವಾರಾನಾದ್ರೂ ಇದನ್ನ ಮರೆಯೋಣ ಅಂತ ಬಂದ್ರೆ ಇಲ್ಲೂ ಅದೇನಾ!” ಭಾವನಿಗೆ ನಗು ಮೊದಲು ಮೂಗಿನಲ್ಲಿ ಬಂತು, ಆಮೇಲೆ ಬಾಯಿ ತುಂಬ. ಅಕ್ಕ ಇಬ್ಬರನ್ನೂ ದುರುಗುಟ್ಟಿ ನೋಡಿ ಕಣ್ಣೊರೆಸಿಕೊಂಡಳು. ನಗುವುದು ನನಗೆ ಸುಲಭವಲ್ಲ. ಅಂದು ನಾನೂ ನಕ್ಕೆ.

ಡಾಕ್ಟರು ಕೋಟೆಯನ್ನು ಜೇಬಿಗೆ ಹಾಕಿಕೊಂಡರು. ಹೊರಡುವ ಮೊದಲು ಇನ್ನೊಂದು ಜೇಬಿನಿಂದ ಬೇರೊಂದು ಡಬ್ಬಿಯನ್ನು ತೆಗೆದರು. “ಇದನ್ನ ತಗೊಳ್ಳೋದೋ ಬೇಡವೋ ಅಂತಿದ್ದೀನಿ. ಸ್ವಲ್ಪ ನೋಡಿ.”

ಭಾವ ಚೀಟಿ ಮುಚ್ಚಿ ದೀಪದ ಕೆಳಗೆ ಹಿಡಿದರು. “ಅರವತ್ತೆರಡು ಅಂತೀನಿ. ಚೀಟಿ ಇನ್ನೂ ಜಾಸ್ತಿ ಹೇಳುತ್ತೆ ಅನ್ಸುತ್ತೆ. ರಾಜನ ಕೆನ್ನೆ ಮೇಲೆ ಏಟು ಬಿದ್ದಿದೆ ನೋಡಿ.” ಬೆರಳು ಸರಿಸಿದರು. ಚೀಟಿಯ ಮೇಲೆ ಅರವತ್ನಾಲ್ಕು ಇತ್ತು. ಡಾಕ್ಟರು ಕೆನ್ನೆಯ ಏಟನ್ನು ತಾವೂ ನೋಡಿದರು, ತಲೆಯಾಡಿಸಿದರು.

“ಕೊಳ್ಳಲ್ಲ ಬಿಡಿ. ಮುಂದಿನ ವಾರ ಕಿಟಕಿ ಹತ್ರ ಕುರ್ಚಿ ಹಾಕಿಸಿರ್ತೀನಿ. ಬರಬೇಕು.”

“ಬರ್ತೀನಿ. ಮತ್ತೆ ಡಾಕ್ಟ್ರೇ, ನಿಮ್ಮ ಕೋಟೆ ಅಪ್ಪಟ. ಯಾರ ಕೈಗೂ ಕೊಡಬೇಡಿ.” ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಭಾವ ಹೊಸ್ತಿಲಲ್ಲಿ ನಿಂತು ಆ ಜೇಬನ್ನೇ ನೋಡುತ್ತಿದ್ದರು.

ಆ ಸಂಜೆ ಅಕ್ಕ ತಟ್ಟೆಯ ಮುಂದೆ ಕೂತಳೇ ಹೊರತು ತುತ್ತು ಎತ್ತಲಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದು ತನಗೆ ತಾನೇ ಹೇಳಿಕೊಂಡಳು.

“ದೊಣ್ಣೆ ಬೀಸಿಲ್ಲ ನೀನು. ಊಟ ಮಾಡು.”

“ಮತ್ತೆ ಆ ಸಂಸ್ಥೆಗೆ ಕಳಿಸಿದ್ರೆ? ಸರಿ ಮಾಡಿ ಅಂಕ ಕೊಡಲ್ವಾ?”

“ಕಳಿಸಬಹುದು. ಅಂಕ ಕೊಡಲ್ಲ. ಬೆಳಗಿದ ನಾಣ್ಯ ಅಂತ ಚೀಟಿ ಹಾಕಿ ವಾಪಸ್ ಕಳಿಸ್ತಾರೆ.”

ಅಕ್ಕ ಸ್ವಲ್ಪ ಯೋಚಿಸಿದಳು. “ಚೆನ್ನಾಗಿ ಬೆಳಗಿದೆ ಅಂತ ಬರೆಯೋ ಪದ್ಧತಿ ಇಲ್ವಾ?”

ಭಾವ ಮತ್ತೆ ನಕ್ಕರು. ಎದ್ದು ಹೋಗಿ ಅಲಗು ತಂದು, ಅವಳು ಅಂಟಿಸಿದ್ದ ಅಂಚನ್ನು ಬಿಡಿಸಿ, ನಾಣ್ಯವನ್ನು ಅಂಗೈ ಮೇಲೆ ಹಾಕಿಕೊಂಡರು. ಕೊಂಡಂದಿನಿಂದ ಅವರ ಬೆರಳು ಅದನ್ನು ಮುಟ್ಟಿರಲಿಲ್ಲ. ಅಂಗೈಯಲ್ಲಿ ಎತ್ತಿ ಎತ್ತಿ ತೂಗಿದರು, ಅಂಚಿನ ಹಲ್ಲುಗಳ ಮೇಲೆ ಉಗುರು ಎಳೆದರು, ಮೇಜಿನ ಮೇಲೆ ಬೀಳಿಸಿ ಸದ್ದು ಕೇಳಿದರು. “ಇಷ್ಟು ವರ್ಷ ಮನೇಲಿಟ್ಟು ಸಾಕಿದ್ದೀನಿ. ತಣ್ಣಗಿದೆಯೋ ಬಿಸಿಯಾಗಿದೆಯೋ ಗೊತ್ತಿರಲಿಲ್ಲ ನೋಡು” ಎಂದು ಅವಳ ಕೈಗೆ ಹಾಕಿದರು. ಅವಳು ನನ್ನ ಕೈಗೆ ಹಾಕಿದಳು. ಬೆಚ್ಚಗಿತ್ತು, ಎರಡು ಕೈ ದಾಟಿ ಬಂದಿತ್ತಲ್ಲ. ಅಕ್ಕ ಆಮೇಲೆ ಊಟ ಮಾಡಿದಳು.

ಕೋಟೆಯ ಆಸೆ ಭಾವನಿಗೆ ಹೋಗಿದೆ ಎಂದು ನಾನು ಬರೆಯಲಾರೆ, ಅದು ಸುಳ್ಳಾದೀತು. ಟೋಪಿಯವನ ಅಂಗಡಿಯಲ್ಲಿ ಈಗಲೂ ಮೊದಲು ಕೇಳುವುದು ಅದನ್ನೇ. ಆದರೆ ಕಿಟಕಿಯ ಪಕ್ಕದ ಕುರ್ಚಿ ಅವರಿಗೆ ಮರಳಿತು. ಹಡಗನ್ನು ಅವರು ಬೀಗದ ಕೈಗಳ ಜೊತೆ ಜೇಬಿನಲ್ಲಿ ಹಾಕಿಕೊಂಡು ಹೋಗುವುದನ್ನು ಕಂಡು ಕೂಟದವರು ಮೊದಲು ಹೌಹಾರಿದರು. ಹೊಸದಾಗಿ ನಾಣ್ಯ ಕೊಳ್ಳಲು ಕಲಿಯುವವರಿಗೆ ಭಾವ ಅದನ್ನು ಕೈಗೆ ಕೊಟ್ಟು, ಪಕ್ಕದಲ್ಲಿ ಕೆಡದ ನಾಣ್ಯವೊಂದನ್ನಿಟ್ಟು, ಎರಡನ್ನೂ ಓಲಿಸಿ ನೋಡಲು ಹೇಳುತ್ತಾರೆ. ಮಾತಿನಲ್ಲಿ ಎಷ್ಟು ವಿವರಿಸಿದರೂ ಹತ್ತದ ಪಾಠ ಹಾಗೆ ಒಮ್ಮೆಗೆ ಹತ್ತುತ್ತದೆ. ಕೂಟದಲ್ಲಿ ಅದಕ್ಕೀಗ ‘ಅಕ್ಕನ ಹಡಗು’ ಎಂದೇ ಹೆಸರು. ಫಲಕವನ್ನೂ ಭಾವ ಬದಲಾಯಿಸಿದ್ದಾರೆ: ‘ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು, ತಿಕ್ಕಬಾರದು, ಬೆಳಗಬಾರದು.’ ಕರಡನ್ನು ಅಕ್ಕ ತಿದ್ದಿಕೊಟ್ಟಳು.

ಈಚೆಗೊಂದು ಭಾನುವಾರ ಅಕ್ಕ ಮೊದಲ ಸಲ ನನ್ನೊಡನೆ ಕೂಟಕ್ಕೆ ಬಂದಳು. ಆಗ ತಾನೇ ಸೇರಿದ್ದ, ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಭಾವನ ಎದುರು ಕೂತು ಹಡಗನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು.

“ಹೌದು, ಬೆಳಕು ತಿರುಗ್ತಾ ಇಲ್ಲ” ಎಂದರು ಅವರು. ಆಮೇಲೆ ಭೂತಗನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಆದ್ರೆ ಒಂದು ಗೀರಾದ್ರೂ ಅಡ್ಡಾದಿಡ್ಡಿ ಹೋಗಿದೆಯಾ ನೋಡಿ! ಎಲ್ಲಾ ಒಂದೇ ಸಮ, ಹೊಲಿಗೆ ಹಾಕಿದ ಹಾಗೆ. ಯಾರು ಬೆಳಗಿದ್ದು ಇದನ್ನ?”

ಭಾವ ಅಕ್ಕನ ಕಡೆ ಕೈ ತೋರಿಸಿದರು.

ಅಕ್ಕ ಬೆನ್ನು ನೇರ ಮಾಡಿಕೊಂಡಳು. “ಕೇಳಿಸ್ತೇನ್ರೀ?”

“ಕೇಳಿಸ್ತು.”

“ಉಜ್ಜಿದ್ದು ಅನ್ನಲಿಲ್ಲ ಅವರು. ಬೆಳಗಿದ್ದು ಅಂದ್ರು.”

“ಅದೂ ಕೇಳಿಸ್ತು” ಎಂದು ಭಾವ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಬಳಿ ಅವಳಿಗೂ ಒಂದು ಕುರ್ಚಿ ಎಳೆದು ಹಾಕಿದರು.